ಒಂದೇ ಗ್ರಾಫ್, ಕೇಳಿದಷ್ಟು ಗೆರೆ: ಬೆಂಬಲ ಬೆಲೆಯ ಅಂಕಿಗಳಿಂದ ಎಕ್ಸೆಲ್ ಅಭ್ಯಾಸ

ದಾವಣಗೆರೆ ಸುತ್ತಿನವರು ಬೆಲೆಯ ಗ್ರಾಫ್ ಕೇಳಿದರೆ ಮೊದಲು ಬಾಯಿಗೆ ಬರುವುದು ಮೆಕ್ಕೆಜೋಳ. ಭದ್ರಾ ನಾಲೆಯ ಅಚ್ಚುಕಟ್ಟಿನವರಿಗೆ ಅದರ ಪಕ್ಕದಲ್ಲಿ ಭತ್ತವೂ ಬೇಕು. ಚಳ್ಳಕೆರೆಯವರು ಶೇಂಗಾ ಕೇಳುತ್ತಾರೆ, ಹೊಸದುರ್ಗದವರು ರಾಗಿ. ಅಂಕಿ ಇರುವುದು ಒಂದೇ ಶೀಟಿನಲ್ಲಿ, ಬೇಡಿಕೆ ಮಾತ್ರ ನೂರೆಂಟು. ಕೇಳಿದವರಿಗೆಲ್ಲ ಒಂದೊಂದು ಹೊಸ ಗ್ರಾಫ್ ಮಾಡುತ್ತಾ ಹೋದರೆ ವರ್ಷ ಕಳೆಯುವಷ್ಟರಲ್ಲಿ ಫೈಲಿನ ತುಂಬ ಗ್ರಾಫ್‌ಗಳು ತುಂಬಿಕೊಳ್ಳುತ್ತವೆ. ಒಂದರಲ್ಲಿ ಹೊಸ ಬೆಲೆ ಇರುತ್ತದೆ, ಇನ್ನೊಂದು ಹೋದ ವರ್ಷದಲ್ಲೇ ನಿಂತಿರುತ್ತದೆ. ಯಾವುದು ಸರಿ ಎಂದು ಮಾಡಿದವರಿಗೇ ತಿಳಿಯದು.

ಇದಕ್ಕೆ ದಾರಿ ಸರಳ. ಗ್ರಾಫ್ ಒಂದೇ ಇರಲಿ. ಎಷ್ಟು ಗೆರೆ ಬೇಕು, ಯಾವ ಬೆಳೆಯವು ಬೇಕು ಎಂಬುದನ್ನು ನೋಡುವವರೇ ಎರಡು ಕಡೆ ಅಂಕಿ ಒತ್ತಿ ಹೇಳಲಿ. ಮ್ಯಾಕ್ರೊ ಬೇಡ, ಪ್ರೋಗ್ರಾಮಿಂಗ್ ಬೇಡ, ಒಂದು ಸೂತ್ರ ಸಾಕು. ಎಕ್ಸೆಲ್‌ಗೆ ಹೇಳುವುದು ಬಹುಪಾಲು ಲಿಬ್ರೆಆಫೀಸ್ ಕ್ಯಾಲ್ಕ್‌ಗೂ ಗೂಗಲ್ ಶೀಟ್ಸ್‌ಗೂ ಹೊಂದುತ್ತದೆ. ಹೊಂದದ ಕೆಲವು ಕಡೆ ಅಲ್ಲಲ್ಲೇ ಹೇಳುತ್ತೇನೆ. ಸೂತ್ರಗಳನ್ನು ಓದಲು ಸುಲಭವಾಗಲೆಂದು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಇಫ್, ಆ್ಯಂಡ್, ಎನ್‌ಎ ಮುಂತಾದ ಹೆಸರುಗಳನ್ನೂ ಎ, ಬಿ, ಸಿ ಎಂಬ ಕಾಲಂ ಗುರುತುಗಳನ್ನೂ ನಿಮ್ಮ ಶೀಟಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು.

ಅಭ್ಯಾಸಕ್ಕೆ ಅಂಕಿಗಳು

ಕೇಂದ್ರ ಸರ್ಕಾರ ಪ್ರತಿ ವರ್ಷ ಮುಂಗಾರು ಬೆಳೆಗಳಿಗೆ ಪ್ರಕಟಿಸುವ ಕನಿಷ್ಠ ಬೆಂಬಲ ಬೆಲೆಯನ್ನೇ ತೆಗೆದುಕೊಳ್ಳೋಣ. ಕೆಳಗಿನ ಆರೂ ದಾವಣಗೆರೆ, ಚಿತ್ರದುರ್ಗ ಎಂಬ ನಮ್ಮ ಎರಡು ಜಿಲ್ಲೆಗಳ ಹೊಲಗಳಲ್ಲಿ ಕಾಣುವ ಬೆಳೆಗಳು. ಬೆಲೆ ಕ್ವಿಂಟಲ್‌ಗೆ ರೂಪಾಯಿಗಳಲ್ಲಿದೆ. ಭತ್ತ ಸಾಮಾನ್ಯ ದರ್ಜೆಯದು, ಹತ್ತಿ ಮಧ್ಯಮ ಎಳೆಯದು.

| ವರ್ಷ | ಮೆಕ್ಕೆಜೋಳ | ಭತ್ತ | ರಾಗಿ | ಶೇಂಗಾ | ತೊಗರಿ | ಹತ್ತಿ |
|---|---|---|---|---|---|---|
| 2020-21 | 1850 | 1868 | 3295 | 5275 | 6000 | 5515 |
| 2021-22 | 1870 | 1940 | 3377 | 5550 | 6300 | 5726 |
| 2022-23 | 1962 | 2040 | 3578 | 5850 | 6600 | 6080 |
| 2023-24 | 2090 | 2183 | 3846 | 6377 | 7000 | 6620 |
| 2024-25 | 2225 | 2300 | 4290 | 6783 | 7550 | 7121 |
| 2025-26 | 2400 | 2369 | 4886 | 7263 | 8000 | 7710 |

ಇದು ಮಾರುಕಟ್ಟೆಯ ಧಾರಣೆಯಲ್ಲ, ಸರ್ಕಾರ ನಿಗದಿ ಮಾಡಿದ ದರ. ಆರೇ ಸಾಲುಗಳಿರುವುದರಿಂದ ಕೈಯಾರೆ ಟೈಪ್ ಮಾಡಬಹುದು. ವಿಧಾನ ಕೈಗೆ ಹತ್ತಿದ ಮೇಲೆ ನಿಮ್ಮ ಸ್ವಂತ ಅಂಕಿಗಳನ್ನು ಹಾಕಿಕೊಳ್ಳಿ.

ಮೊದಲು ಅವಸರದವರ ದಾರಿ

ಬೇಕಾಗಿರುವುದು ಒಂದು ಸಲ, ಅದೂ ನಿಮಗೊಬ್ಬರಿಗೇ ಎಂದಾದರೆ ಸೂತ್ರದ ತಂಟೆಯೇ ಬೇಡ. ಇಡೀ ಕೋಷ್ಟಕದ ಮೇಲೆ ಲೈನ್ ಗ್ರಾಫ್ ಹಾಕಿ. ವಿಂಡೋಸ್‌ನ ಎಕ್ಸೆಲ್ 2013 ಮತ್ತು ಅನಂತರದ ಆವೃತ್ತಿಗಳಲ್ಲಿ ಗ್ರಾಫ್ ಮೇಲೆ ಕ್ಲಿಕ್ ಮಾಡಿದರೆ ಬಲಗಡೆ ಆಲಿಕೆಯ ಚಿತ್ರವಿರುವ ಬಟನ್ ಬರುತ್ತದೆ. ಅದನ್ನು ಒತ್ತಿ, ಬೇಡದ ಬೆಳೆಗಳ ಮುಂದಿನ ಟಿಕ್ ತೆಗೆದು ಅಪ್ಲೈ ಒತ್ತಿದರೆ ಮುಗಿಯಿತು.

ಕಾಲಂ ಅಡಗಿಸುವುದು ಇನ್ನೊಂದು ದಾರಿ. ಶೀಟಿನಲ್ಲಿ ಅಡಗಿಸಿದ ಕಾಲಂ ಎಕ್ಸೆಲ್ ಗ್ರಾಫ್‌ನಿಂದಲೂ ತಾನಾಗಿ ಮಾಯವಾಗುತ್ತದೆ, ಪಕ್ಕದ ಹೆಸರುಪಟ್ಟಿಯಿಂದಲೂ ಹೋಗುತ್ತದೆ. ಕ್ಯಾಲ್ಕ್‌ನಲ್ಲಿ ಮಾಯವಾಗದಿದ್ದರೆ ಗೆರೆಯ ಆಯ್ಕೆಗಳಲ್ಲಿ ಅಡಗಿದ ಸೆಲ್‌ಗಳನ್ನು ಸೇರಿಸುವ ಟಿಕ್ ಇರುತ್ತದೆ, ಅದನ್ನು ತೆಗೆಯಿರಿ.

ಎರಡೂ ಒಳ್ಳೆಯ ದಾರಿಗಳೇ. ಆದರೆ ಫೈಲನ್ನು ಇನ್ನೊಬ್ಬರಿಗೆ ಕೊಡುವಾಗ ನನಗೆ ಇವು ಒಗ್ಗುವುದಿಲ್ಲ. ಆಲಿಕೆ ಬಟನ್ ಎಲ್ಲಿದೆ ಎಂದು ಹೇಳಿಕೊಡಬೇಕು. ಅಡಗಿಸಿದ ಕಾಲಂ ಕಾಣದೆ "ನನ್ನ ತೊಗರಿ ಎಲ್ಲಿ ಹೋಯಿತು" ಎಂದು ಫೋನ್ ಬರುತ್ತದೆ. ಆಯ್ಕೆ ಏನೆಂಬುದು ಕಣ್ಣೆದುರಿಗೇ ಅಂಕಿಯಾಗಿ ಇರಬೇಕು. ಮುಂದಿನದು ಅದಕ್ಕಾಗಿ.

ಹಂತ 1: ದತ್ತಾಂಶ ಒಂದು ಶೀಟಿನಲ್ಲಿ, ಆಯ್ಕೆ ಇನ್ನೊಂದರಲ್ಲಿ

ಹೊಸ ಫೈಲಿನ ಮೊದಲ ಶೀಟಿಗೆ 'ದತ್ತಾಂಶ' ಎಂದು ಹೆಸರಿಡಿ. ಎ1ರಲ್ಲಿ ವರ್ಷ, ಬಿ1ರಿಂದ ಜಿ1ರವರೆಗೆ ಬೆಳೆಗಳ ಹೆಸರು, 2ರಿಂದ 7ನೇ ಸಾಲಿನವರೆಗೆ ಅಂಕಿಗಳು. ಈ ಶೀಟಿನಲ್ಲಿ ಸೂತ್ರ, ಬಣ್ಣ, ಒಟ್ಟು ಮೊತ್ತ ಯಾವುದೂ ಬೇಡ. ಅಂಕಿ ಮಾತ್ರ.

ವರ್ಷ ಟೈಪ್ ಮಾಡುವಾಗ ಒಂದು ಕಿರಿಕಿರಿ ಇದೆ. 2020-21 ಎಂದರೆ ಎಕ್ಸೆಲ್ ತೆಪ್ಪಗೆ ಒಪ್ಪಿಕೊಳ್ಳುತ್ತದೆ, ಏಕೆಂದರೆ 21ನೇ ತಿಂಗಳು ಎಂಬುದಿಲ್ಲ. ಹಳೆಯ ಅಂಕಿ ಸೇರಿಸಲು ಹೋಗಿ 2011-12 ಎಂದು ಬರೆದರೆ ಮಾತ್ರ ಅದನ್ನು 2011ರ ಡಿಸೆಂಬರ್ ಎಂದು ತಿಳಿದು ದಿನಾಂಕವಾಗಿ ಬದಲಿಸಿಬಿಡುತ್ತದೆ. ಆದ್ದರಿಂದ ಮೊದಲೇ ಎ ಕಾಲಂ ಪೂರ್ತಿ ಆಯ್ದು ಟೆಕ್ಸ್ಟ್ ಎಂದು ಫಾರ್ಮ್ಯಾಟ್ ಮಾಡಿಡಿ. ಇದರಿಂದ ಇನ್ನೊಂದು ಲಾಭವೂ ಉಂಟು. ವರ್ಷ ಬರಿಯ ಅಂಕಿಯಾಗಿದ್ದರೆ ಎಕ್ಸೆಲ್ ಅದನ್ನೂ ಒಂದು ಬೆಳೆಯೆಂದೇ ತಿಳಿದು ಗೆರೆ ಎಳೆಯುವುದುಂಟು. ಅಕ್ಷರವಾಗಿದ್ದರೆ ಕೆಳಗಿನ ಅಕ್ಷಕ್ಕೆ ಹೋಗಿ ಕೂರುತ್ತದೆ.

ಎರಡನೆಯ ಶೀಟಿಗೆ 'ಗ್ರಾಫ್' ಎಂದು ಹೆಸರಿಡಿ. ಅದರ ವಿನ್ಯಾಸ ಹೀಗಿರಲಿ:

- ಎ1ರಲ್ಲಿ "ಎಷ್ಟು ಗೆರೆ?", ಬಿ1ರಲ್ಲಿ ಸದ್ಯಕ್ಕೆ 6.
- ಎ2ರಲ್ಲಿ "ಸರದಿ", ಬಿ2ರಿಂದ ಜಿ2ರವರೆಗೆ 1, 2, 3, 4, 5, 6.
- 3ನೇ ಸಾಲು ಖಾಲಿ. ಅದಕ್ಕೆ ಆಮೇಲೆ ಕೆಲಸ ಇದೆ.
- 4ನೇ ಸಾಲಿನಲ್ಲಿ ಹೆಸರುಗಳು. ಬಿ4ರಲ್ಲಿ ='ದತ್ತಾಂಶ'!ಬಿ1 ಎಂದು ಬರೆದು ಜಿ4ರವರೆಗೆ ಎಳೆಯಿರಿ.
- ಎ5ರಲ್ಲಿ ='ದತ್ತಾಂಶ'!ಎ2 ಎಂದು ಬರೆದು ಎ10ರವರೆಗೆ ಎಳೆಯಿರಿ.

ಶೀಟಿನ ಕನ್ನಡ ಹೆಸರನ್ನು ಸೂತ್ರದೊಳಗೆ ಟೈಪ್ ಮಾಡುವ ಗೋಜಿಗೆ ಹೋಗಬೇಡಿ. ಸಮ ಚಿಹ್ನೆ ಒತ್ತಿ, ಆ ಶೀಟಿಗೆ ಹೋಗಿ ಸೆಲ್ ಮೇಲೆ ಕ್ಲಿಕ್ ಮಾಡಿದರೆ ಹೆಸರು ತಾನೇ ಬರುತ್ತದೆ.

ಹಂತ 2: ಎಲ್ಲ ಕೆಲಸವನ್ನೂ ಮಾಡುವ ಒಂದು ಸೂತ್ರ

'ಗ್ರಾಫ್' ಶೀಟಿನ ಬಿ5ರಲ್ಲಿ:

=ಇಫ್(ಆ್ಯಂಡ್(ಬಿ$2>0, ಬಿ$2<=$ಬಿ$1, 'ದತ್ತಾಂಶ'!ಬಿ2<>""), 'ದತ್ತಾಂಶ'!ಬಿ2, ಎನ್‌ಎ())

ಇದನ್ನು ಬಲಕ್ಕೆ ಜಿ5ರವರೆಗೂ ಅಲ್ಲಿಂದ ಕೆಳಕ್ಕೆ 10ನೇ ಸಾಲಿನವರೆಗೂ ಎಳೆಯಿರಿ. ಕ್ಯಾಲ್ಕ್ ಅಲ್ಪವಿರಾಮ ಒಪ್ಪದಿದ್ದರೆ ಅದರ ಜಾಗದಲ್ಲಿ ಅರ್ಧವಿರಾಮ ಹಾಕಿ.

ಈ ಸೂತ್ರವನ್ನು ಬಿಡಿಸಿ ನೋಡುವುದು ಒಳ್ಳೆಯದು. ಎಡವುವವರೆಲ್ಲ ಎಡವುವುದು ಇಲ್ಲೇ.

ನಡುವಿನ ಷರತ್ತು, ಅಂದರೆ ಸರದಿ ಅಂಕಿ ಬಿ1ರಲ್ಲಿರುವ ಅಂಕಿಗಿಂತ ಹೆಚ್ಚಿರಬಾರದು ಎಂಬುದು, ಮುಖ್ಯ ಕೆಲಸಗಾರ. ಬಿ1ರಲ್ಲಿ 3 ಇದ್ದರೆ ಸರದಿಯಲ್ಲಿ 1, 2, 3 ಪಡೆದ ಬೆಳೆಗಳು ಮಾತ್ರ ಒಳಗೆ ಬರುತ್ತವೆ. ಚಳ್ಳಕೆರೆಯವರು ಶೇಂಗಾಕ್ಕೆ 1, ತೊಗರಿಗೆ 2 ಕೊಟ್ಟು, ಉಳಿದವನ್ನು ಖಾಲಿ ಬಿಟ್ಟು, ಬಿ1ರಲ್ಲಿ 2 ಒತ್ತಿದರೆ ಅವರ ಗ್ರಾಫ್ ತಯಾರು.

ಆ ಖಾಲಿ ಬಿಡುವ ಸಲುವಾಗಿಯೇ ಮೊದಲ ಷರತ್ತು. ಖಾಲಿ ಸೆಲ್ಲನ್ನು ಎಕ್ಸೆಲ್ ಲೆಕ್ಕದಲ್ಲಿ ಸೊನ್ನೆ ಎಂದು ಹಿಡಿಯುತ್ತದೆ. ಸೊನ್ನೆ ಮೂರಕ್ಕಿಂತ ಕಡಿಮೆ, ಹಾಗಾಗಿ 'ಸೊನ್ನೆಗಿಂತ ಹೆಚ್ಚಿರಬೇಕು' ಎಂದು ಹೇಳದಿದ್ದರೆ ನೀವು ಬೇಡವೆಂದು ಖಾಲಿ ಬಿಟ್ಟ ಬೆಳೆಗಳೇ ಮೊದಲು ಬಂದು ನಿಲ್ಲುತ್ತವೆ.

ಮೂರನೆಯ ಷರತ್ತು ನಮ್ಮ ಅಭ್ಯಾಸದ ಕೋಷ್ಟಕಕ್ಕೆ ಬೇಕಾಗಿಲ್ಲ, ಮುಂದೆ ಬೇಕೇ ಬೇಕು. ದಿನದ ಧಾರಣೆ ಹಾಕುವಾಗ ಮಾರುಕಟ್ಟೆಗೆ ರಜೆ ಇರುವ ದಿನ ಸೆಲ್ ಖಾಲಿ ಇರುತ್ತದೆ. ಬರಿದೇ ಅದನ್ನು ಎಳೆದು ತಂದರೆ ಸೊನ್ನೆಯಾಗಿ ಬರುತ್ತದೆ, ಗೆರೆ ಭಾನುವಾರಕ್ಕೊಮ್ಮೆ ನೆಲಕ್ಕೆ ಬಿದ್ದು ಎದ್ದಂತೆ ಕಾಣುತ್ತದೆ.

ಕೊನೆಯ ಎನ್‌ಎ, ಅಂದರೆ 'ಇಲ್ಲಿ ಬೆಲೆ ಇಲ್ಲ' ಎಂಬ ದೋಷದ ಗುರುತು. ಇದರ ಬದಲು ಎರಡು ಉದ್ಧರಣ ಚಿಹ್ನೆ ಹಾಕಿ ಖಾಲಿ ಬಿಟ್ಟರಾಗದೇ ಎಂದು ಕೇಳುವವರಿದ್ದಾರೆ. ಆಗದು. ಸೂತ್ರದಿಂದ ಬಂದ ಆ 'ಖಾಲಿ' ನಿಜವಾಗಿ ಖಾಲಿಯಲ್ಲ, ಅಕ್ಷರವಿಲ್ಲದ ಅಕ್ಷರಮಾಲೆ. ಎಕ್ಸೆಲ್‌ನ ಲೈನ್ ಗ್ರಾಫ್ ಅದನ್ನು ಸೊನ್ನೆಯಾಗಿ ಎಳೆಯುತ್ತದೆ. ಎನ್‌ಎ ಇದ್ದರೆ ಅಲ್ಲಿ ಬಿಂದುವನ್ನೇ ಇಡುವುದಿಲ್ಲ. ಶೀಟಿನಲ್ಲಿ ಆ ದೋಷದ ಗುರುತುಗಳು ಸಾಲಾಗಿ ನಿಂತು ಕಣ್ಣಿಗೆ ಹಿಂಸೆಯಾದರೆ, ಕಂಡಿಷನಲ್ ಫಾರ್ಮ್ಯಾಟಿಂಗ್‌ನಲ್ಲಿ =ಇಸ್‌ಎನ್‌ಎ(ಬಿ5) ಎಂಬ ನಿಯಮ ಕೊಟ್ಟು ಅಕ್ಷರಕ್ಕೆ ಬಿಳಿ ಬಣ್ಣ ಹಚ್ಚಿ. ಸೂತ್ರ ಕೆಟ್ಟಿದೆ ಎಂದು ಯಾರಾದರೂ ಅಳಿಸಿ ಹಾಕುವ ಭಯವೂ ತಪ್ಪುತ್ತದೆ.

ಹಂತ 3: ಆರು ಗೆರೆಗಳೂ ಇರುವಾಗಲೇ ಗ್ರಾಫ್ ಸಿಂಗರಿಸಿ

ಎ4ರಿಂದ ಜಿ10ರವರೆಗೆ ಆಯ್ದು, ಇನ್ಸರ್ಟ್ ಟ್ಯಾಬ್‌ನಲ್ಲಿ ಲೈನ್ ಗ್ರಾಫ್ ಹಾಕಿ. ಬಿ1ರಲ್ಲಿ ಇನ್ನೂ 6 ಇರಬೇಕು. ಬಣ್ಣ, ದಪ್ಪ, ಹೆಸರು ಎಲ್ಲವನ್ನೂ ಈಗಲೇ ಮುಗಿಸಿಬಿಡಿ. ಕಾಣದ ಗೆರೆಗೆ ಬಣ್ಣ ಹಚ್ಚುವುದು ತ್ರಾಸದ ಕೆಲಸ.

ಪ್ರತಿ ಬೆಳೆಗೆ ತನ್ನದೇ ಕಾಲಂ ಇರುವುದರಿಂದ ಒಮ್ಮೆ ಕೊಟ್ಟ ಬಣ್ಣ ಅದಕ್ಕೇ ಅಂಟಿಕೊಂಡಿರುತ್ತದೆ. ರಾಗಿಗೆ ಕಂದು ಕೊಟ್ಟರೆ ಅದು ಒಂಟಿಯಾಗಿರಲಿ, ಐದರ ಜೊತೆ ಇರಲಿ, ಕಂದೇ. ಕೆಲವರು ಮೂರು ಖಾಲಿ ಜಾಗ ಇಟ್ಟು ಪ್ರತಿಯೊಂದಕ್ಕೂ ಬೆಳೆಯ ಪಟ್ಟಿ ಕಟ್ಟಿ, ಇಂಡೆಕ್ಸ್ ಮತ್ತು ಮ್ಯಾಚ್ ಸೂತ್ರಗಳಿಂದ ಅಂಕಿ ತರಿಸುತ್ತಾರೆ. ನೋಡಲು ಚೆಂದ. ಆದರೆ ಅಲ್ಲಿ ಬಣ್ಣ ಜಾಗದ್ದು, ಬೆಳೆಯದಲ್ಲ. ಇಂದು ಕಂದು ಗೆರೆ ರಾಗಿ, ನಾಳೆ ಅದೇ ಕಂದು ಹತ್ತಿ. ಎರಡು ಪ್ರಿಂಟ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡುವವರು ಮೋಸ ಹೋಗುತ್ತಾರೆ. ಹಾಗಾಗಿ ನನ್ನ ಮತ ಸರದಿ ಸಾಲಿಗೇ. ಮೆಕ್ಕೆಜೋಳಕ್ಕೆ ಹಳದಿ ಕೊಡುವ ಆಸೆ ಬಿಡಿ, ಬಿಳಿ ಹಾಳೆಯ ಮೇಲೆ ಕಾಣುವುದಿಲ್ಲ, ಕಿತ್ತಳೆ ಇರಲಿ. ಜೆರಾಕ್ಸ್ ಅಂಗಡಿಯಲ್ಲಿ ಕಪ್ಪು-ಬಿಳುಪು ಪ್ರತಿ ತೆಗೆಯುವವರಿದ್ದರೆ ಎರಡು ಗೆರೆಗಳನ್ನಾದರೂ ತುಂಡುಗೆರೆ ಮಾಡಿ.

ಇನ್ನು ಹೆಸರುಪಟ್ಟಿ. ಈ ವಿಧಾನದ ದೊಡ್ಡ ಕೊರತೆ ಇದು: ಎನ್‌ಎ ಆದ ಬೆಳೆಯ ಗೆರೆ ಹೋಗುತ್ತದೆ, ಪಟ್ಟಿಯಲ್ಲಿ ಹೆಸರು ಉಳಿಯುತ್ತದೆ. ಪಟ್ಟಿಯನ್ನೇ ಅಳಿಸಿಬಿಡಿ. ಅದರ ಬದಲು ಪ್ರತಿ ಗೆರೆಯ ತುದಿಗೆ ಹೆಸರು ಅಂಟಿಸಿ. ಗೆರೆಯ ಮೇಲೆ ಒಮ್ಮೆ ಕ್ಲಿಕ್, ಕೊನೆಯ ಬಿಂದುವಿನ ಮೇಲೆ ಇನ್ನೊಮ್ಮೆ ಕ್ಲಿಕ್. ಆ ಬಿಂದು ಒಂದೇ ಆಯ್ಕೆಯಾದ ಮೇಲೆ ರೈಟ್ ಕ್ಲಿಕ್ ಮಾಡಿ ಡೇಟಾ ಲೇಬಲ್ ಸೇರಿಸಿ, ಲೇಬಲ್‌ನ ಆಯ್ಕೆಗಳಲ್ಲಿ ಬೆಲೆಯ ಟಿಕ್ ತೆಗೆದು ಸೀರೀಸ್ ಹೆಸರಿಗೆ ಟಿಕ್ ಹಾಕಿ, ಸ್ಥಾನ ಬಲಕ್ಕೆ. ಬಿಂದು ಹೋದಾಗ ಹೆಸರೂ ಹೋಗುತ್ತದೆ. 2025-26ರಲ್ಲಿ ಮೆಕ್ಕೆಜೋಳಕ್ಕೂ ಭತ್ತಕ್ಕೂ ಇರುವ ಅಂತರ 31 ರೂಪಾಯಿ ಮಾತ್ರ, ಹೆಸರುಗಳು ಒಂದರ ಮೇಲೊಂದು ಕೂರುತ್ತವೆ. ಮೆಕ್ಕೆಜೋಳದ ಹೆಸರನ್ನು ಗೆರೆಯ ಮೇಲಕ್ಕೂ ಭತ್ತದ್ದನ್ನು ಕೆಳಕ್ಕೂ ಇಡಿ. ಗೂಗಲ್ ಶೀಟ್ಸ್‌ನಲ್ಲಿ ಒಂದೊಂದೇ ಬಿಂದುವಿಗೆ ಹೆಸರು ಕೊಡುವುದು ಇಷ್ಟು ಸಲೀಸಲ್ಲ, ಅಲ್ಲಿ ಪಟ್ಟಿಯನ್ನೇ ಸಹಿಸಿಕೊಳ್ಳಬೇಕು.

ಹಂತ 4: ಶೀರ್ಷಿಕೆ ತಾನೇ ಬದಲಾಗಲಿ

ಖಾಲಿ ಬಿಟ್ಟ ಎ3ರಲ್ಲಿ:

=ಟೆಕ್ಸ್ಟ್‌ಜಾಯಿನ್(", ", ಟ್ರೂ, ಇಫ್((ಬಿ2:ಜಿ2>0)*(ಬಿ2:ಜಿ2<=ಬಿ1), ಬಿ4:ಜಿ4, ""))&": ಬೆಂಬಲ ಬೆಲೆ, ಕ್ವಿಂಟಲ್‌ಗೆ ರೂಪಾಯಿ"

ಎಕ್ಸೆಲ್ 2019ರಲ್ಲಿ ಇದನ್ನು ಕಂಟ್ರೋಲ್, ಶಿಫ್ಟ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಿ ಮುಗಿಸಬೇಕು, 365ರಲ್ಲಿ ಬರೀ ಎಂಟರ್ ಸಾಕು. ಆಮೇಲೆ ಗ್ರಾಫ್‌ನ ಶೀರ್ಷಿಕೆ ಪೆಟ್ಟಿಗೆಯ ಮೇಲೆ ಕ್ಲಿಕ್ ಮಾಡಿ, ಮೇಲಿನ ಸೂತ್ರಪಟ್ಟಿಯಲ್ಲಿ ಸಮ ಚಿಹ್ನೆ ಒತ್ತಿ, ಎ3ರ ಮೇಲೆ ಕ್ಲಿಕ್ ಮಾಡಿ ಎಂಟರ್ ಒತ್ತಿ. ಗ್ರಾಫ್ ಚಿತ್ರವಾಗಿ ವಾಟ್ಸ್‌ಆ್ಯಪ್‌ನಲ್ಲಿ ಊರೂರು ಸುತ್ತಿದರೂ ಯಾವ ಬೆಳೆ, ಯಾವ ಬೆಲೆ ಎಂಬುದು ಅದರ ತಲೆಯ ಮೇಲೇ ಬರೆದಿರುತ್ತದೆ.

ಹಂತ 5: ನಾಲ್ಕಕ್ಕೆ ಬೇಲಿ

ಆರೂ ಗೆರೆಗಳನ್ನು ಒಟ್ಟಿಗೆ ಹಾಕಬಹುದು. ಹಾಕಬೇಕಾಗಿಲ್ಲ. ನಾಲ್ಕು ದಾಟಿದರೆ ನೋಡುವವರು ಗೆರೆ ಓದುವುದನ್ನು ಬಿಟ್ಟು ಹೆಸರು ಹುಡುಕಲು ಶುರು ಮಾಡುತ್ತಾರೆ. ಬಿ1 ಆಯ್ದು, ಡೇಟಾ ಟ್ಯಾಬ್‌ನ ಡೇಟಾ ವ್ಯಾಲಿಡೇಶನ್‌ನಲ್ಲಿ ಲಿಸ್ಟ್ ಎಂದು ಆರಿಸಿ 1,2,3,4 ಎಂದು ಕೊಡಿ. ಕ್ಯಾಲ್ಕ್‌ನಲ್ಲಿ ಇದೇ ಕೆಲಸಕ್ಕೆ ವ್ಯಾಲಿಡಿಟಿ ಎಂಬ ಮೆನು ಇದೆ. ಇನ್ನು ಬಿ1ರ ಪಕ್ಕದ ಬಾಣ ಒತ್ತಿ ಆರಿಸಿದರಾಯಿತು. ಎರಡು ಬೆಳೆಗಳಿಗೆ ಒಂದೇ ಸರದಿ ಅಂಕಿ ಕೊಟ್ಟರೆ ಎರಡೂ ಒಟ್ಟಿಗೆ ಬರುತ್ತವೆ, ಗೆರೆ ಒಂದು ಹೆಚ್ಚಾಗುತ್ತದೆ. ಅದನ್ನು ತಡೆಯಲು ನಾನು ಹೋಗುವುದಿಲ್ಲ, ಬೇಕೆಂದೇ ಹಾಗೆ ಮಾಡುವ ಸಂದರ್ಭಗಳಿರುತ್ತವೆ.

ಆಮೇಲೆ ಬಿ1 ಮತ್ತು ಬಿ2ರಿಂದ ಜಿ2ರವರೆಗಿನ ಸೆಲ್‌ಗಳ ಲಾಕ್ ತೆಗೆದು, ಉಳಿದ ಶೀಟನ್ನು ಪ್ರೊಟೆಕ್ಟ್ ಮಾಡಿ. ಆ ಏಳು ಸೆಲ್‌ಗಳಿಗೆ ತಿಳಿಹಳದಿ ಹಿನ್ನೆಲೆ ಕೊಟ್ಟರೆ ಎಲ್ಲಿ ಬೆರಳಿಡಬೇಕು ಎಂದು ಹೇಳಿಕೊಡುವ ಕೆಲಸವೂ ಇಲ್ಲ.

ಎತ್ತರದ ಅಕ್ಷ: ಇಲ್ಲಿ ನಿಧಾನ

ಆಯ್ಕೆ ಬದಲಾದಂತೆ ಎಕ್ಸೆಲ್ ಎಡಗಡೆಯ ಅಕ್ಷವನ್ನೂ ತನ್ನಿಷ್ಟಕ್ಕೆ ಬದಲಿಸುತ್ತದೆ. ತೊಗರಿ ಜೊತೆಗಿದ್ದಾಗ ಮಲಗಿದ್ದ ಭತ್ತ, ಒಂಟಿಯಾದ ಕೂಡಲೇ ಏರುಗತಿಯಲ್ಲಿ ಕಾಣುತ್ತದೆ. ಬೆಲೆ ಅದೇ, ಅಳತೆ ಬೇರೆ. ಆದ್ದರಿಂದ ಅಕ್ಷದ ಮೇಲೆ ರೈಟ್ ಕ್ಲಿಕ್ ಮಾಡಿ ಕೆಳಮಿತಿ 0, ಮೇಲ್ಮಿತಿ 9000 ಎಂದು ಕಟ್ಟಿಹಾಕಿ. ಆಗ ಇಂದಿನ ಪ್ರಿಂಟನ್ನೂ ನಾಳಿನ ಪ್ರಿಂಟನ್ನೂ ಹೋಲಿಸಬಹುದು.

ಆದರೆ ಹೀಗೆ ಕಟ್ಟುವುದಕ್ಕೂ ಬೆಲೆ ತೆರಬೇಕಾಗುತ್ತದೆ. ಮೆಕ್ಕೆಜೋಳ ಮತ್ತು ಭತ್ತದ ಕಾಲಂಗಳನ್ನು ಮತ್ತೊಮ್ಮೆ ನೋಡಿ. 2020-21ರಿಂದ 2024-25ರವರೆಗೆ ಭತ್ತವೇ ಮೇಲೆ. 2025-26ರಲ್ಲಿ ಮೆಕ್ಕೆಜೋಳ 2400, ಭತ್ತ 2369, ಸ್ಥಾನ ಅದಲುಬದಲಾಗಿದೆ. ಭತ್ತಕ್ಕೆ ಆ ವರ್ಷ ಸಿಕ್ಕ ಏರಿಕೆ 69 ರೂಪಾಯಿ, ಮೆಕ್ಕೆಜೋಳಕ್ಕೆ 175. 9000ದವರೆಗೆ ಹೋಗುವ ಅಕ್ಷದಲ್ಲಿ ಈ ಎರಡು ಗೆರೆಗಳು ಒಂದೇ ದಪ್ಪ ಗೆರೆಯಂತೆ ಕಾಣುತ್ತವೆ, ದಾಟಿದ್ದು ಗೊತ್ತೇ ಆಗುವುದಿಲ್ಲ. ಈ ಎರಡನ್ನೇ ಹೋಲಿಸಬೇಕಾದಾಗ ಮಿತಿಗಳನ್ನು 1800 ಮತ್ತು 2500ಕ್ಕೆ ತನ್ನಿ, ಅಕ್ಷ ಸೊನ್ನೆಯಿಂದ ಶುರುವಾಗಿಲ್ಲ ಎಂದು ಗ್ರಾಫ್ ಮೇಲೆಯೇ ಬರೆಯಿರಿ.

ಅಡಿಕೆ ಬಂದರೆ ಏನು ಮಾಡುವುದು?

ಚನ್ನಗಿರಿಯವರು ಫೈಲ್ ತೆರೆದರೆ ಕೇಳುವ ಮೊದಲ ಪ್ರಶ್ನೆ ಅಡಿಕೆಯದು. ಅದಕ್ಕೆ ಬೆಂಬಲ ಬೆಲೆ ಇಲ್ಲ, ಮಾರುಕಟ್ಟೆಯ ಧಾರಣೆಯನ್ನೇ ಹಾಕಬೇಕು. ಆದರೆ ಕ್ವಿಂಟಲ್ ಅಡಿಕೆ ಹತ್ತಾರು ಸಾವಿರದ ಮಾತು. ಅದನ್ನು ಮೆಕ್ಕೆಜೋಳದ ಜೊತೆ ಒಂದೇ ಅಕ್ಷಕ್ಕೆ ಕಟ್ಟಿದರೆ ಆನೆಯ ಪಕ್ಕ ಇರುವೆ ನಿಲ್ಲಿಸಿದಂತೆ. ಬಲಗಡೆ ಎರಡನೆಯ ಅಕ್ಷ ಹಾಕಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ, ನನಗೆ ಅದು ಸೇರದು. ಎರಡು ಅಕ್ಷಗಳ ಮಿತಿಯನ್ನು ಹೇಗೆ ಬೇಕಾದರೂ ಜಗ್ಗಿ, ಯಾವ ಎರಡು ಗೆರೆಗಳನ್ನಾದರೂ ಅಣ್ಣತಮ್ಮಂದಿರಂತೆ ತೋರಿಸಬಹುದು.

ಸೂಚ್ಯಂಕವೇ ವಾಸಿ, ಅಂದರೆ ಮೊದಲ ವರ್ಷದ ಬೆಲೆಯನ್ನು 100 ಎಂದು ಹಿಡಿದು ಉಳಿದ ವರ್ಷಗಳನ್ನು ಅದಕ್ಕೆ ಹೋಲಿಸುವ ಲೆಕ್ಕ. 'ಗ್ರಾಫ್' ಶೀಟಿನ ಪ್ರತಿ ಮಾಡಿ 'ಸೂಚ್ಯಂಕ' ಎಂದು ಹೆಸರಿಡಿ. ಒಳಗಿನ ಗ್ರಾಫ್ ಕೂಡ ಹೊಸ ಶೀಟಿನ ಅಂಕಿಗಳಿಗೆ ಹೊಂದಿಕೊಂಡೇ ಬರುತ್ತದೆ. ಪ್ರತಿಯಲ್ಲಿ ಲಾಕ್ ಇದ್ದರೆ ತೆಗೆದುಕೊಂಡು, ಬಿ1ನ್ನೂ 2ನೇ ಸಾಲನ್ನೂ 'ಗ್ರಾಫ್' ಶೀಟಿನ ಅದೇ ಸೆಲ್‌ಗಳಿಗೆ ಜೋಡಿಸಿ, ಬಿ5ರ ಸೂತ್ರದಲ್ಲಿ ಬೆಲೆ ತರುವ ಭಾಗವನ್ನು ಮಾತ್ರ ಬದಲಿಸಿ:

'ದತ್ತಾಂಶ'!ಬಿ2/'ದತ್ತಾಂಶ'!ಬಿ$2*100

ಮೊದಲಿನಂತೆಯೇ ಜಿ10ರವರೆಗೆ ಎಳೆಯಿರಿ. ಶೀರ್ಷಿಕೆಯ ಸೂತ್ರದಲ್ಲಿ ರೂಪಾಯಿಯ ಬದಲು "2020-21 = 100" ಎಂದಿರಲಿ, ಅಕ್ಷದ ಮಿತಿ 90 ಮತ್ತು 150. ಈಗ ಎಲ್ಲ ಬೆಳೆಗಳೂ 100ರಿಂದಲೇ ಹೊರಡುತ್ತವೆ. ಒಂದೇ ಆಯ್ಕೆಗೆ ಎರಡು ಗ್ರಾಫ್‌ಗಳೂ ಒಟ್ಟಿಗೆ ಬದಲಾಗುತ್ತವೆ.

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಕಥೆ ಬೇರೆಯೇ ಇದೆ. ರೂಪಾಯಿ ಲೆಕ್ಕದಲ್ಲಿ ಐದು ವರ್ಷಕ್ಕೆ ಅತಿ ಹೆಚ್ಚು ಏರಿದ್ದು ಹತ್ತಿ, 2195 ರೂಪಾಯಿ. ತೊಗರಿ 2000, ಶೇಂಗಾ 1988, ರಾಗಿ 1591. ಸೂಚ್ಯಂಕದಲ್ಲಿ ರಾಗಿ ಎಲ್ಲವನ್ನೂ ಹಿಂದಿಕ್ಕಿ 148ಕ್ಕೆ ಹೋಗಿದೆ, ಹತ್ತಿ 140, ಶೇಂಗಾ 138, ತೊಗರಿ 133, ಮೆಕ್ಕೆಜೋಳ 130, ಕೊನೆಗೆ ಭತ್ತ 127. ಹೊಸದುರ್ಗದ ರಾಗಿ ಬೆಳೆಗಾರರು ರೂಪಾಯಿ ಗ್ರಾಫ್ ಒಂದನ್ನೇ ನೋಡಿದ್ದರೆ ತಮ್ಮ ಬೆಳೆ ನಾಲ್ಕನೆಯದು ಎಂದುಕೊಂಡು ಎದ್ದು ಹೋಗುತ್ತಿದ್ದರು.

ನಿಮ್ಮ ಅಂಕಿಗಳನ್ನು ಹಾಕುವಾಗ

ಮಾರುಕಟ್ಟೆಯ ಧಾರಣೆಗೆ ರಾಜ್ಯದ ಕೃಷಿ ಮಾರಾಟ ವಾಹಿನಿ ಮತ್ತು ಕೇಂದ್ರದ ಅಗ್‌ಮಾರ್ಕ್‌ನೆಟ್ ಜಾಲತಾಣಗಳಿವೆ. ಅಲ್ಲಿ ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚಿನ ವಹಿವಾಟು ನಡೆದ ಬೆಲೆ) ಎಂದು ಮೂರು ಬೆಲೆಗಳಿರುತ್ತವೆ. ಮಾದರಿ ಬೆಲೆಯನ್ನೇ ತೆಗೆದುಕೊಳ್ಳಿ. ಗರಿಷ್ಠ ಬೆಲೆ ಒಬ್ಬರ ಒಂದು ಲಾಟಿಗೆ ಸಿಕ್ಕಿದ್ದೂ ಇರಬಹುದು. ಧಾರಣೆಯ ಪಕ್ಕದ ಕಾಲಂನಲ್ಲಿ ಆ ವರ್ಷದ ಬೆಂಬಲ ಬೆಲೆಯನ್ನು ಎಲ್ಲ ಸಾಲುಗಳಲ್ಲೂ ತುಂಬಿ, ಅದಕ್ಕೂ ಒಂದು ಸರದಿ ಅಂಕಿ ಕೊಡಿ. ನೇರ ಗೆರೆಯಾಗಿ ಬರುತ್ತದೆ, ಧಾರಣೆ ಅದರ ಕೆಳಗೆ ಎಷ್ಟು ದಿನ ಇತ್ತು ಎಂಬುದು ಕಣ್ಣಿಗೇ ಕಾಣುತ್ತದೆ. ಸಾಲು ಹೆಚ್ಚಾದಂತೆ 'ಗ್ರಾಫ್' ಶೀಟಿನ ಸೂತ್ರಗಳನ್ನು ಕೆಳಕ್ಕೆ ಎಳೆದು, ಗ್ರಾಫ್‌ನ ವ್ಯಾಪ್ತಿಯನ್ನೂ ಹಿಗ್ಗಿಸಿ, ಹೆಸರಿನ ಲೇಬಲ್‌ಗಳನ್ನು ಹೊಸ ಕೊನೆಯ ಬಿಂದುವಿಗೆ ಬದಲಿಸಿ.

ಇದೇ ಚೌಕಟ್ಟಿಗೆ ತಾಲ್ಲೂಕುವಾರು ಮಳೆಯೂ ಹೊಂದುತ್ತದೆ. ಚಿತ್ರದುರ್ಗ ಜಿಲ್ಲೆಯಲ್ಲಿ ಆರು ತಾಲ್ಲೂಕು: ಚಿತ್ರದುರ್ಗ, ಚಳ್ಳಕೆರೆ, ಹಿರಿಯೂರು, ಹೊಳಲ್ಕೆರೆ, ಹೊಸದುರ್ಗ, ಮೊಳಕಾಲ್ಮೂರು. ದಾವಣಗೆರೆಯಲ್ಲೂ ಆರೇ: ದಾವಣಗೆರೆ, ಹರಿಹರ, ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು. ಕಾಲಂಗಳ ಹೆಸರು ಬದಲಿಸಿ, ವರ್ಷದ ಜಾಗದಲ್ಲಿ ತಿಂಗಳು ಬರೆದರೆ, ಶೀರ್ಷಿಕೆಯ ಮಾತೊಂದನ್ನು ಬಿಟ್ಟು ಸೂತ್ರ ಬದಲಿಸುವ ಅಗತ್ಯವಿಲ್ಲ. ಮಳೆಯನ್ನು ಸಾಮಾನ್ಯವಾಗಿ ಗೆರೆಗಿಂತ ಕಂಬಗಳಲ್ಲಿ ತೋರಿಸುತ್ತಾರೆ, ತೊಡಕು ಇರುವುದು ಅಲ್ಲಿ. ಕಂಬದ ಗ್ರಾಫ್‌ನಲ್ಲಿ ಎನ್‌ಎ ಆದ ತಾಲ್ಲೂಕಿನ ಕಂಬ ಹೋದರೂ ಅದರ ಜಾಗ ಖಾಲಿ ಉಳಿಯುತ್ತದೆ, ಎರಡು ತಾಲ್ಲೂಕು ಆರಿಸಿದರೆ ನಡುವೆ ಹಲ್ಲು ಬಿದ್ದ ಹಾಗೆ ಸಂದುಗಳಿರುತ್ತವೆ. ಕಂಬಗಳೇ ಬೇಕೆಂದಿದ್ದರೆ ಸೂತ್ರ ಬಿಟ್ಟು, ಮೊದಲು ಹೇಳಿದ ಕಾಲಂ ಅಡಗಿಸುವ ದಾರಿಯನ್ನೇ ಹಿಡಿಯಿರಿ. ಉಳಿದ ಕಂಬಗಳು ತಾವೇ ಹತ್ತಿರ ಸರಿದುಕೊಳ್ಳುತ್ತವೆ.